ದಾರ ಕಟ್ಟಿದ ಬದನೆಕಾಯಿ

ಇಷ್ಟಕ್ಕೆಲ್ಲ ಕಾರಣ ಒಂದು ಸೀನು.

ರೊಟ್ಟಿ ಪಂಚಮಿಯ ಬೆಳಿಗ್ಗೆ ಬಸವೇಶ್ವರಿ ಎಣ್ಣೆಗಾಯಿಗೆ ಮಸಾಲೆ ಕಲಸುತ್ತಿದ್ದಳು. ಶೇಂಗಾಪುಡಿ, ಗುರೆಳ್ಳುಪುಡಿ, ಜಜ್ಜಿದ ಬೆಳ್ಳುಳ್ಳಿ, ಅದರ ಮೇಲೆ ಒಂದು ಮುಷ್ಟಿ ಕೆಂಪು ಖಾರ. ಖಾರ ಬಿದ್ದದ್ದೇ ತಡ, ಒಲೆಯ ಮೇಲಿನ ಹಂಚು ಅಲುಗುವಂಥ ಸೀನು ಬಂತು. ನಾಲ್ಕು ಮಂದಿಯ ಮುಂದೆ ಕೆಮ್ಮಲೂ ನಾಚುವ ಹುಡುಗಿ ಅವಳು. ಅತ್ತಿತ್ತ ನೋಡಿ, ಯಾರೂ ಕೇಳಿಸಿಕೊಂಡಿಲ್ಲವೆಂದು ಸಮಾಧಾನ ಮಾಡಿಕೊಂಡು ಬದನೆಕಾಯಿ ತುಂಬತೊಡಗಿದಳು. ಒಂದು ಕಾಯಿ ತುಂಬುವಾಗಲೇ ಸೀಳಿತು. ಮಗ್ಗದ ಮೂಲೆಯಿಂದ ಒಂದೆಳೆ ಬಿಳಿ ನೂಲು ತಂದು ಅದರ ಹೊಟ್ಟೆಗೆ ಬಿಗಿದು ಕಟ್ಟಿ, ಅದನ್ನೂ ಬೋಗುಣಿಗೆ ಇಳಿಬಿಟ್ಟಳು.

ಇಳಕಲ್ಲಿನ ಆ ಓಣಿಯಲ್ಲಿ ರೊಟ್ಟಿ ಪಂಚಮಿಯ ದಿನ ತಮ್ಮ ಮನೆಯ ರೊಟ್ಟಿ ತಾವು ತಿನ್ನುವವರು ಕಡಿಮೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಪಲ್ಯ, ಚಟ್ನಿಪುಡಿಗಳನ್ನು ತಾಟಿನಲ್ಲಿಟ್ಟು ಮನೆಮನೆಗೆ ಕೊಡಬೇಕು. ಬಂದ ತಾಟನ್ನು ಖಾಲಿ ಕಳಿಸುವಂತಿಲ್ಲ. ಬಂದವರಿಗೆ ಉಣಿಸದೆ ಬಿಡುವಂತಿಲ್ಲ. ಈ ಸಲ ಹಬ್ಬ ಶನಿವಾರ ಬಂದು ಮೂರು ದಿನ ರಜೆ ಕೂಡಿದ್ದರಿಂದ, ಓಣಿಯಲ್ಲಿ ತಾಟುಗಳ ಓಡಾಟ ಬಸ್ ಸ್ಟ್ಯಾಂಡಿನ ಗದ್ದಲವನ್ನೂ ಮೀರಿಸಿತ್ತು.

ಅತ್ತೆ ಗುರುಲಿಂಗವ್ವ ರೊಟ್ಟಿಯ ಗಂಟು ಹೊತ್ತು ಹುನಗುಂದದ ತಮ್ಮನ ಮನೆಗೆ ಹೋಗಿದ್ದಳು. ಸಂಜೆಗೆ ಬರುವವಳು. ಬಸವೇಶ್ವರಿ ಒಬ್ಬಳೇ ತಾಟು ಹಂಚಿದಳು. ಪಕ್ಕದ ಮನೆಯ ಗುಲಾಬಬಿಗೆ ಒಂದು, ಎದುರಿನ ಮಾಳಿಗೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಸಂಪದಾಳಿಗೆ ಒಂದು. ಆ ಮನೆಯ ಕೆಳಗಿದ್ದ ಪ್ರೇಮಾಬಾಯಿಗೆ ಮಾತ್ರ ಬರೀ ರೊಟ್ಟಿ, ಕೆನೆಮೊಸರು. ಅವರ ಮನೆಯೊಳಗೆ ಬೆಳ್ಳುಳ್ಳಿ ಹೋಗುವುದಿಲ್ಲವೆಂದು ಓಣಿಗೆಲ್ಲ ಗೊತ್ತು.

ಹಂಚಿ ಬಂದು ಮುಖ ತೊಳೆದು, ಕುಂಕುಮ ಹಚ್ಚಿಕೊಳ್ಳಲು ಕನ್ನಡಿಯ ಮುಂದೆ ನಿಂತಳು. ಕನ್ನಡಿಯೊಳಗಿನ ಮೂಗು ಬೋಳಾಗಿತ್ತು.

ಆ ಮೂಗುಬೊಟ್ಟು ಗುರುಲಿಂಗವ್ವನ ತಾಯಿಯದು. ಮದುವೆಯ ದಿನ ಸೊಸೆಗೆ ತೊಡಿಸುತ್ತ ಅತ್ತೆ ಎಲ್ಲರೆದುರು ಹೇಳಿದ್ದಳು: “ನಮ್ಮವ್ವನ ಮೂಗಿನಿಂದ ನನ್ನ ಮೂಗಿಗೆ, ನನ್ನ ಮೂಗಿನಿಂದ ನಿನ್ನ ಮೂಗಿಗೆ ಬಂದೈತಿ. ಇಲ್ಲೀತನಕ ನೆಲಕ್ಕ ಬಿದ್ದಿಲ್ಲ. ಇನ್ನ ನಿನ್ನ ಕೈಯಾಗೈತಿ.”

ತಿರುಪು ಸಡಿಲಾಗಿ ವಾರವಾಗಿತ್ತು. ಅದಕ್ಕೆ ಇಂದಿನ ಸೀನೂ ಕೂಡಿತು. ಮಸಾಲೆ ಕಲಸಿದ ಪರಾತ ಕೆರೆದಳು, ನೆಲ ಗುಡಿಸಿದಳು, ಬೂದಿ ಜರಡಿ ಹಿಡಿದಳು. ಇಲ್ಲ. ಬೋಗುಣಿಯಲ್ಲಿ ಉಳಿದಿದ್ದ ಬದನೆಕಾಯಿಗಳನ್ನೆಲ್ಲ ಒಡೆದು ಹಿಸುಕಿದಳು. ಅಲ್ಲೂ ಇಲ್ಲ. ಗ್ರಾನೈಟ್ ಫ್ಯಾಕ್ಟರಿಗೆ ರಜೆಯಾಗಿ ಮನೆಯಲ್ಲೇ ಇದ್ದ ಗಂಡ ಅಮರೇಶ ಉಣ್ಣಲು ಕೂತವನು ತಾಟು ನೋಡಿ, “ಎಣ್ಣಿಗಾಯಿ ಅಂದಿ, ಇದರ ಮ್ಯಾಲೆ ಲಾರಿ ಹೋಗೇತೇನು?” ಅಂದ. ಅವನಿಗೆ ಹೇಳುವಂತಿರಲಿಲ್ಲ. ತಾಯಿಯ ಮುಂದೆ ಅವನ ಹೊಟ್ಟೆಯಲ್ಲಿ ಯಾವ ಗುಟ್ಟೂ ಒಂದು ಚಹಾದಷ್ಟು ಹೊತ್ತು ನಿಂತದ್ದಿಲ್ಲ.

ಹಾಗಾದರೆ ಅದು ಹಂಚಿದ ಕಾಯಿಗಳಲ್ಲೇ ಇರಬೇಕು. ಬಸವೇಶ್ವರಿ ಬೋಳುಮೂಗಿಗೆ ಸೆರಗು ಒತ್ತಿ ಹಿಡಿದು ಗುಲಾಬಬಿಯ ಮನೆಗೆ ನಡೆದಳು.

ಗುಲಾಬಬಿ ಒಳ್ಳೆಯವಳು. ಆದರೆ ಅವಳಿಗೆ ಒಂದು ಮಾತು ಹೇಳುವುದೂ ಒಂದೇ, ಟಾಂಟಾಂ ಗಾಡಿಗೆ ಮೈಕು ಕಟ್ಟಿ ಓಣಿ ಸುತ್ತಿಸುವುದೂ ಒಂದೇ. ಅದಕ್ಕೇ ಬಸವೇಶ್ವರಿ ಹೊಸ್ತಿಲಲ್ಲಿ ನಿಂತು, ಕಾಲ್ಬೆರಳು ನೋಡುತ್ತ, ತಾನು ಕೊಟ್ಟ ಬದನೆಕಾಯಿ ಉಳಿದಿದೆಯೇ ಎಂದು ಕೇಳಿದಳು. ಉಪ್ಪು ಹೆಚ್ಚಾಗಿತ್ತೇನೋ ನೋಡಬೇಕಿತ್ತು ಅಂದಳು. ಗುಲಾಬಬಿ ಅವಳನ್ನು ಎಳೆದು ಕೂಡಿಸಿ, ರೊಟ್ಟಿಯ ಮೇಲೆ ಎರಡು ಕಾಯಿ ಇಟ್ಟು ಕೊಟ್ಟಳು. ಬಸವೇಶ್ವರಿ ಸೆರಗಿನ ಮರೆಯಲ್ಲೇ ಕಾಯಿ ಸೀಳಿ, ಬೆರಳಿನಿಂದ ತಡಕಿ, ತಡಕಿದ್ದು ತಿಳಿಯದಿರಲೆಂದು ಗಬಗಬ ತಿಂದಳು.

“ಇನ್ನೊಂದು ಇತ್ತಲ್ರಿ ಅಕ್ಕಾ, ದಾರ ಕಟ್ಟಿದ್ದು?”

ಗುಲಾಬಬಿ ಒಂದು ಗಳಿಗೆ ಅವಳನ್ನೇ ನೋಡಿದಳು. ಮೂಗಿಗೆ ಒತ್ತಿದ ಸೆರಗು ನೋಡಿದಳು. ಖಾಲಿಯಾದ ತಾಟು ನೋಡಿದಳು. ಆಮೇಲೆ ಮುಖವೆಲ್ಲ ಅರಳಿಸಿ, “ನಮ್ಮ ಇರ್ಫಾನ ಹೊಟ್ಟ್ಯಾಗಿದ್ದಾಗ ನಂಗೂ ಹಿಂಗ ಬದನಿಕಾಯಿ ಹುಚ್ಚ ಹಿಡಿದಿತ್ತು ನೋಡು” ಅಂದಳು.

ಬಸವೇಶ್ವರಿಯ ಕಿವಿಗೆ ಅದು ಬೀಳಲೇ ಇಲ್ಲ. ದಾರದ ಕಾಯಿ ಎಲ್ಲಿ ಹೋಯಿತೆಂಬುದೊಂದೇ ಅವಳ ಚಿಂತೆ. ಒಬ್ಬಳೇ ಇರುವ ಹುಡುಗಿಯೆಂದು ಗುಲಾಬಬಿ ಅದನ್ನು ತನ್ನ ತಾಟಿನಲ್ಲಿಟ್ಟು ಸಂಪದಾಳಿಗೆ ಕಳಿಸಿದ್ದಳಂತೆ.

ಬಸವೇಶ್ವರಿ ಓಣಿ ದಾಟಿ ಮಾಳಿಗೆ ಹತ್ತುವಷ್ಟರಲ್ಲಿ ಸಂಪದಾ ಬಾಗಿಲಿಗೇ ಕುರ್ಚಿ ತಂದಿಟ್ಟಿದ್ದಳು. ಈಗಷ್ಟೇ ಗುಲಾಬಕ್ಕನ ಫೋನ್ ಬಂದಿತ್ತು, ನೀವು ಹಿಂಗ ಮೆಟ್ಟಿಲು ಹತ್ತಬಾರದು ಅಂದಳು. ಫ್ಯಾನ್ ಹಾಕಿದಳು. ನಿಂಬೆಹುಳಿ ಪಾನಕ ಕೊಟ್ಟಳು. ಬ್ಯಾಂಕಿನವರು ಹಬ್ಬದ ದಿನ ಹೀಗೇ ಮರ್ಯಾದೆ ಮಾಡುತ್ತಾರೇನೋ ಎಂದುಕೊಂಡು ಬಸವೇಶ್ವರಿ ಪಾನಕ ಕುಡಿದು ಬದನೆಕಾಯಿಯ ಮಾತು ತೆಗೆದಳು.

ಸಂಪದಾಳ ಮುಖ ಸಣ್ಣದಾಯಿತು. ಊರಿಗೆ ಹೊಸಬಳು. ಓಣಿಯ ಎಲ್ಲ ಮನೆಗಳಿಂದ ಬಂದ ತಾಟುಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದವು. ತಿಂದು ಮುಗಿಸಲಾರದೆ ಬದನೆಕಾಯಿಯನ್ನೆಲ್ಲ ಒಂದು ಡಬ್ಬಿಗೆ ತುಂಬಿ ಕೆಳಗಿನ ಪ್ರೇಮಾಬಾಯಿಗೆ ಕೊಟ್ಟುಬಿಟ್ಟಿದ್ದಳು.

“ಬೆಳ್ಳುಳ್ಳಿ ಹಾಕಿದ್ದನ್ನ ಪ್ರೇಮಕ್ಕಾರು ತಿನ್ನಂಗಿಲ್ಲಲ್ರಿ” ಅಂದಳು ಬಸವೇಶ್ವರಿ.

“ಅಯ್ಯ, ನನಗೆಲ್ಲಿ ಗೊತ್ತಿತ್ರಿ? ಅವರು ನಕ್ಕು ಇಸಗೊಂಡ್ರು. ನಿಮಗ ಅದರ ಮ್ಯಾಲೆ ಆಸಿ ಆಗೇದಂತ ಈಗ ಫೋನ್ ಮಾಡಿ ಹೇಳ್ತೇನಿ, ಇರ್ರಿ.”

ಬೇಡವೆನ್ನುವುದರೊಳಗೆ ಫೋನ್ ಕಿವಿಗೆ ಹೋಗಿತ್ತು. ಬಸವೇಶ್ವರಿ ನಾಚಿಕೆಯಿಂದ ಒಂದೇ ಉಸಿರಿಗೆ ಮೆಟ್ಟಿಲಿಳಿದು ಬಾಗಿಲು ದಾಟಿ, ಓಣಿಯ ತುದಿಯ ಬೇವಿನ ಗಿಡದ ಮರೆಯಲ್ಲಿ ನಿಂತಳು. ತಾಸು ಹೊತ್ತು ಕಳೆದ ಮೇಲೆ ಧೈರ್ಯ ತಂದುಕೊಂಡು ಪ್ರೇಮಾಬಾಯಿಯ ಬಾಗಿಲಿಗೆ ಮರಳಿದರೆ, ಅದಕ್ಕೆ ಬೀಗ ಬಿದ್ದಿತ್ತು. ಅಷ್ಟರಲ್ಲಿ ಹುನಗುಂದದ ಕಡೆಯ ಬಸ್ಸಿನ ಹಾರ್ನ್ ಕೇಳಿತು. ಅತ್ತೆ ಬರುವುದರೊಳಗೆ ಮನೆ ಸೇರಬೇಕೆಂದು ಅವಳು ಓಡಿದಳು.

ಮನೆಗೆ ಬಂದಾಗ ಪಡಸಾಲೆಯಲ್ಲಿ ಇಬ್ಬರು ಕೂತಿದ್ದರು. ಅತ್ತೆ ಹಿಂದಿನ ಬಸ್ಸಿಗೇ ಬಂದಿಳಿದಿದ್ದಳು. ಎದುರಿಗೆ ಪ್ರೇಮಾಬಾಯಿ. ನಡುವೆ ಒಂದು ತಾಟು. ತಾಟಿನಲ್ಲಿ ಬದನೆಕಾಯಿಗಳು, ಅದರಲ್ಲೊಂದಕ್ಕೆ ಬಿಳಿ ದಾರ.

“ನಿಂದರಬ್ಯಾಡವಾ, ಕೂಡು” ಅಂದಳು ಅತ್ತೆ. ಮದುವೆಯಾದ ಮೇಲೆ ಗುರುಲಿಂಗವ್ವ ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. ಬಸವೇಶ್ವರಿ ಸೆರಗನ್ನು ಮೂಗಿಗೆ ಇನ್ನಷ್ಟು ಒತ್ತಿ ಹಿಡಿದು ಕೂತಳು.

ಪ್ರೇಮಾಬಾಯಿ ತಾಟು ಮುಂದಕ್ಕೆ ಸರಿಸಿದಳು. ಹುಡುಗಿಗೆ ಬದನೆಕಾಯಿಯ ಮೇಲೆ ಮನಸ್ಸಾಗಿದೆಯೆಂದು ಕೇಳಿದ್ದೇ, ಮೊಣಕಾಲು ನೋವನ್ನೂ ಲೆಕ್ಕಿಸದೆ ಒಲೆ ಮುಂದೆ ಕೂತು ತನ್ನ ಕೈಯಾರೆ ಮಾಡಿ ತಂದೆ ಅಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಮೊದಲ ನೀವ ತಿಂದು ನೋಡ್ರಿ ಗುರುಲಿಂಗವ್ವ. ನಿಮ್ಮ ಕೈಗೂ ನನ್ನ ಕೈಗೂ ಏನ ಫರಕ ಅದ ತಿಳೀತದ” ಎಂದು ಸೇರಿಸಿದಳು. ಇದು ಅವರಿಬ್ಬರ ಹಳೆಯ ಪಂದ್ಯ.

ಗುರುಲಿಂಗವ್ವ ದಾರದ ಕಾಯಿಯನ್ನೇ ಎತ್ತಿಕೊಂಡಳು. ದಾರ ಬಿಚ್ಚಿದಳು, ಕಚ್ಚಿದಳು. ಕಟ್ ಎಂದಿತು.

ಅತ್ತೆ ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡದ್ದು ಮಸಾಲೆಯಲ್ಲಿ ಮುಳುಗಿದ ಮೂಗುಬೊಟ್ಟು. ನನ್ನದೆಂದರೆ ಕಳೆದದ್ದು ಗೊತ್ತಾಗುತ್ತದೆಂದು ಬಸವೇಶ್ವರಿ ಸುಮ್ಮನಿದ್ದಳು. ನನ್ನದಲ್ಲವೆಂದರೆ ಬದನೆಕಾಯಿಯೂ ತನ್ನದಲ್ಲವೆಂದು ಗೊತ್ತಾಗುತ್ತದಲ್ಲ, ಪ್ರೇಮಾಬಾಯಿ ಸುಮ್ಮನಿರಲಿಲ್ಲ.

“ಅದು ನಂದ ಅದ. ಮುಂಜಾನಿಂದ ಹುಡುಕ್ಲಿಕ್ಕತ್ತೇನಿ.”

“ನಿಮ್ಮ ಮೂಗಿನ ಮ್ಯಾಲೆ ಒಂದೈತಲ್ರಿ” ಅಂದಳು ಗುರುಲಿಂಗವ್ವ.

“ಅದು… ಇದು ನಮ್ಮ ಮೃಣಾಲಿನೀದು. ಸೊಸಿದು.”

ಸೊಸೆ ಮೃಣಾಲಿನಿ ಬಾಗಲಕೋಟೆಯಲ್ಲಿದ್ದವಳು ಈ ಹಬ್ಬಕ್ಕೆ ಬಂದೇ ಇರಲಿಲ್ಲ. ಗುರುಲಿಂಗವ್ವ ಅದನ್ನೇನೂ ಕೇಳಲಿಲ್ಲ. ಮೂಗುಬೊಟ್ಟನ್ನು ತಂಬಿಗೆಯ ನೀರಲ್ಲಿ ತೊಳೆದು, ಸೆರಗಿನಿಂದ ಒರೆಸಿ, “ಹಂಗಾದ್ರ ತಗೋರಿ, ಜ್ವಾಕಿ” ಎಂದು ಪ್ರೇಮಾಬಾಯಿಯ ಕೈಗೆ ಕೊಟ್ಟೇಬಿಟ್ಟಳು. ಕಣ್ಣೆದುರೇ ಮೂರು ಮೂಗುಗಳ ಬಂಗಾರ ನಾಲ್ಕನೆಯ ಮೂಗಿಗೆ ಹೊರಟು ನಿಂತಿತು.

ತಾಟು ಖಾಲಿ ಕಳಿಸುವಂತಿರಲಿಲ್ಲ. ಬಸವೇಶ್ವರಿ ಅದರಲ್ಲಿ ರೊಟ್ಟಿ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಪ್ರೇಮಾಬಾಯಿಯ ಹಿಂದೆ ಬಾಗಿಲತನಕ ಹೋದಳು. ಎರಡೂ ಕೈ ತಾಟಿಗೆ ಹೋದ ಮೇಲೆ ಸೆರಗು ಹಿಡಿಯುವವರು ಯಾರು? ಅದು ಜಾರಿತು. ಪ್ರೇಮಾಬಾಯಿ ಬೋಳುಮೂಗನ್ನು ನೋಡಿದಳು, ತನ್ನ ಮುಷ್ಟಿಯನ್ನು ನೋಡಿದಳು, ಹುಡುಗಿಯ ತುಂಬಿದ ಕಣ್ಣುಗಳನ್ನು ನೋಡಿದಳು. ತಾಟು ಇಸಕೊಂಡು ಮೂಗುಬೊಟ್ಟನ್ನು ಅವಳ ಅಂಗೈಗೆ ಒತ್ತಿದಳು.

“ಬದನಿಕಾಯಿ ಯಾರು ಮಾಡಿದ್ದಂತ ನೀ ಕೇಳಬ್ಯಾಡ. ಮೂಗಬೊಟ್ಟು ಯಾರದಂತ ನಾನೂ ಕೇಳೂದಿಲ್ಲ” ಎಂದು ಪಿಸುಗುಟ್ಟಿ, ಮೊಣಕಾಲು ನೋವಿದ್ದರೂ ಲಗುಲಗು ನಡೆದುಬಿಟ್ಟಳು.

ಬಸವೇಶ್ವರಿ ಬಾಗಿಲ ಮರೆಯಲ್ಲಿ ಮೂಗುಬೊಟ್ಟು ತೊಟ್ಟು, ಬೆರಳು ನೋಯುವಷ್ಟು ತಿರುಪು ಬಿಗಿದಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಗ್ರಾನೈಟ್ ಕಲ್ಲು ಇಳಿದು ಹೋಯಿತು. ಸೆರಗು ಬಿಟ್ಟು ಒಳಗೆ ಬಂದಳು.

“ಕೊಟ್ಟಳೇನು?” ಅಂದಳು ಅತ್ತೆ, ಉಳಿದರ್ಧ ಬದನೆಕಾಯಿ ತಿನ್ನುತ್ತ.

ಬಸವೇಶ್ವರಿಯ ಕೈ ತಾನಾಗಿ ಮೂಗುಬೊಟ್ಟಿಗೆ ಹೋಯಿತು.

“ಆ ಮನ್ಯಾಗ ಬೆಳ್ಳುಳ್ಳಿ ಯಾವಾಗ ಬಂತು? ಮತ್ತ ನಮ್ಮವ್ವನ ಮೂಗಬೊಟ್ಟು ನನ್ನ ನಾಲಿಗಿಗೂ ಗುರುತು ಸಿಗತೈತಿ. ಆಕಿ ನನ್ನ ಅಡಗಿಗೆ ಹೆಸರಿಡೂದು ಈ ವರ್ಷಕ್ಕರ ನಿಂದರ್ಲಿ ಅಂತ ಕೊಟ್ಟೆ. ಹೊಸ್ತಿಲಾ ದಾಟಿ ಒಯ್ಯೂ ಹೆಣಮಗಳಲ್ಲ ಆಕಿ.” ಗುರುಲಿಂಗವ್ವ ಬೆರಳು ನೆಕ್ಕಿದಳು. “ನೆಲಕ್ಕಂತೂ ಬಿದ್ದಿಲ್ಲ. ಹೋಗ್ಲಿ ಬಿಡು.”

ಬಸವೇಶ್ವರಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು. ಅತ್ತೆಯ ಕಾಲಿಗೆ ಬೀಳಲು ಬಗ್ಗಿದಳು.

“ಬಗ್ಗಬ್ಯಾಡ, ಬಗ್ಗಬ್ಯಾಡ” ಎಂದು ಗುರುಲಿಂಗವ್ವ ತಡೆದಳು. “ಇಂಥಾ ಹೊತ್ತಿನ್ಯಾಗ ಬಗ್ಗಬಾರದು. ಗುಲಾಬಬಿ ನನಗ ಹುನಗುಂದಕ್ಕ ಫೋನ್ ಮಾಡಿ ಎಲ್ಲಾ ಹೇಳ್ಯಾಳ. ಬದನಿಕಾಯಿ ಬಯಕಿ, ಮೂಗಿಗೆ ಸೆರಗು, ವಾಸನಿ ತಡಿಯಂಗಿಲ್ಲಂತ. ಕೇಳಿ ನಮ್ಮ ತಮ್ಮ ಊರಿಗೆಲ್ಲ ಪೇಢೆ ಹಂಚ್ಯಾನ. ನಾಳಿಗೆ ಟೆಂಪೊ ಮಾಡ್ಕೊಂಡು ಮನಿಮಂದಿ ಎಲ್ಲಾ ನಿನ್ನ ನೋಡಾಕ ಬರಾಕತ್ತಾರ.”

ಅತ್ತೆಯ ಕಣ್ಣಲ್ಲಿ ಹಬ್ಬದ ದೀಪ ಉರಿಯುತ್ತಿತ್ತು.

“ಮೂಗಬೊಟ್ಟಿನ ಮಾತು ಮುಗೀತು. ಈ ಸುದ್ದಿಯರ ಖರೆ ಹೌದಲ್ಲವಾ?”

ಬಸವೇಶ್ವರಿ ಆಗಷ್ಟೇ ಬಿಟ್ಟಿದ್ದ ಸೆರಗನ್ನು ಮೆಲ್ಲಗೆ ಎತ್ತಿ ಮತ್ತೆ ಮೂಗಿಗೆ ಹಿಡಿದಳು.