ಕರಿಯನ ಕೊರಳಿನ ಪಟ್ಟಿ

ನನಗೆ ಕೋಪ ಜಾಸ್ತಿ ಎಂದು ಊರೆಲ್ಲ ಹೇಳುತ್ತದೆ. ಹಾಗೆ ಹೇಳಿದವರ ಮೇಲೂ ನನಗೆ ಕೋಪವಿದೆ. ಕಚೇರಿಯಲ್ಲಿ ಗಂಟೆ ಒತ್ತಿದರೆ ಜವಾನ ಬರುವುದಿಲ್ಲ, ಮನೆಯಲ್ಲಿ ಕೂಗಿದರೆ ಹೆಂಡತಿ ಬರುವುದಿಲ್ಲ, ಕೈ ಅಡ್ಡ ಹಿಡಿದರೂ ಮಕ್ತಲ್ ಬಸ್ಸು ನಿಲ್ಲುವುದಿಲ್ಲ. ನಾನು ಸಾಕಿದ ನಾಯಿಯಾದರೂ ನನ್ನ ಮಾತು ಕೇಳಲಿ ಎಂದು ಬಯಸಿದ್ದು ಅಪರಾಧವೇನ್ರೀ?

ನಾಯಿಯ ಹೆಸರು ಕರಿಯ. ನಮ್ಮದು ನಾರಾಯಣಪೇಟೆಯ ನೇಕಾರರ ಓಣಿ. ಪಕ್ಕದ ಮನೆಯ ನರಸಪ್ಪಜ್ಜ ಬೆಳಿಗ್ಗೆ ಸೀರೆಯ ಹಾಸು ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಾನೆ. ಕರಿಯ ಎರಡು ಸಲ ಅದರೊಳಗೆ ನುಗ್ಗಿ ಎಳೆ ಹರಿದಿದ್ದ. ಅಜ್ಜ ನಮ್ಮ ಬಾಗಿಲಿಗೇ ಬಂದು ಹೇಳಿದ: "ನೋಡ್ರೀ ಸರ, ಇನ್ನೊಂದು ಸಲ ಹಾಸು ಹರದ್ರ ಈ ನಾಯಿ ಓಣ್ಯಾಗ ಇರಬಾರ್ದು. ಮರಿಕಲ್ ಕಡಿ ಕುರಿಹಟ್ಟಿಗೆ ಬಿಟ್ಟು ಬರ್ರಿ."

ನನ್ನ ಕರಿಯನನ್ನು ಬಿಡುವುದೇ? ಅಂದೇ ಆನ್‌ಲೈನಿನಲ್ಲಿ ರಿಮೋಟ್ ಪಟ್ಟಿಗೆ ಆರ್ಡರ್ ಹಾಕಿದೆ; ವಾರದಲ್ಲಿ ಬಂತು. ಕೊರಳಿಗೆ ಕಟ್ಟಿ ಗುಂಡಿ ಒತ್ತಿದರೆ ಎರಡು ಲೋಹದ ಮೊಳೆಗಳಿಂದ ಚುರ್ ಎಂದು ಕರೆಂಟು ತಗಲುತ್ತದೆ; ರಿಮೋಟಿನ ನಂಬರು ಏರಿಸಿದಷ್ಟೂ ಜೋರು. ನಾಯಿ "ಕುಂದ್ರು" ಎಂದರೆ ಕೂರುತ್ತದೆ, "ಬಾ" ಎಂದರೆ ಬರುತ್ತದೆ. ಅವ್ವ ಕೇಳಿ ಕೆಂಡವಾದಳು. ಆಕೆ ಮೈಲಾರಲಿಂಗನ ಒಕ್ಕಲು; ಆ ದೇವರಿಗೆ ನಾಯಿಯೆಂದರೆ ಪ್ರೀತಿ. ಭಾನುವಾರ ಕರಿಯನ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಮೊದಲ ರೊಟ್ಟಿ ಅವನಿಗೇ ಹಾಕುತ್ತಾಳೆ. ನನಗೆ ಆರಿದ ರೊಟ್ಟಿ.

"ಮೈಲಾರನ ನಾಯಿಗೆ ಕರೆಂಟ್ ಹಿಡಸ್ತಿ? ನಿನ್ನ ಕೈ ಸೇದಿ ಹೋಗಲಿ!"

"ನೀ ಸುಮ್ನ ಇರವ್ವಾ, ಅದನ್ನ ಊರಾಗ ಉಳಸಾಕ ಮಾಡಾಕತ್ತೀನಿ!" ಎಂದು ಗದರಿದೆ. ಅವ್ವ ಸುಮ್ಮನಾದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಕಣ್ಣುಜ್ಜುತ್ತಲೇ ಕರಿಯನಿಗೆ ಪಟ್ಟಿ ಕಟ್ಟಿ ಓಣಿಗೆ ತಂದೆ. "ಕುಂದ್ರು!" ಎಂದೆ. ಬಾಲ ಅಲ್ಲಾಡಿಸಿದ. ಒಂದನೇ ನಂಬರು ಒತ್ತಿದೆ. ಬಾಲ. ಐದು ಒತ್ತಿದೆ. ಆಕಳಿಸಿದ. ಹಲ್ಲು ಕಚ್ಚಿ ನಂಬರನ್ನು ತುದಿಗೇರಿಸಿ, ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡೆ. ಆ ನಾಯಿ ನನ್ನ ಕೈ ನೆಕ್ಕಿತು! ಪಟ್ಟಿ ಕಿತ್ತು ನೋಡಿದರೆ, ಎರಡೂ ಮೊಳೆಗಳಿಗೆ ಭಂಡಾರದ ಹಳದಿ ಬಟ್ಟೆಯನ್ನು ದಪ್ಪಗೆ ಸುತ್ತಿ ದಾರ ಬಿಗಿದಿದ್ದಾಳೆ ನಮ್ಮವ್ವ!

ಬಟ್ಟೆ ಕಿತ್ತೆಸೆದು, "ಅವ್ವಾ!" ಎಂದು ಓಣಿ ನಡುಗುವಂತೆ ಕೂಗಿದೆ. ಸಿಟ್ಟಿಗೆ ಎರಡೂ ಮುಷ್ಟಿ ತಾವಾಗಿಯೇ ಬಿಗಿದವು. ಒಂದರಲ್ಲಿ ಪಟ್ಟಿ ಇತ್ತು, ಇನ್ನೊಂದರಲ್ಲಿ ರಿಮೋಟು.

ಅಯ್ಯಯ್ಯೋ! ಅಂಗೈಯಿಂದ ಹೆಗಲವರೆಗೆ ಹೊಡೆದ ಹೊಡೆತಕ್ಕೆ ನಾನು ಹಿಂದಕ್ಕೆ ನೆಗೆದು, ನರಸಪ್ಪಜ್ಜನ ಹಾಸಿನ ನಟ್ಟನಡುವೆ ಬಿದ್ದೆ. ಮೈತುಂಬ ಗಂಜಿ, ಕಾಲಿಗೆ ನೂಲು, ಎಳೆಗಳು ಪಟಪಟ ಹರಿದವು. ಕರಿಯ ಓಣಿಯ ಅಂಚಿನಲ್ಲಿ ಅಚ್ಚುಕಟ್ಟಾಗಿ ಕುಳಿತು ನೋಡುತ್ತಿದ್ದ. ಯಾರೂ ಹೇಳಿರಲಿಲ್ಲ.

ಅಜ್ಜ ನನ್ನನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿದ. "ನಾಯಿ ಇರಲಿ ಬಿಡ್ರಿ," ಎಂದ, "ಪಾಪ, ಅದು ನಿಮ್ಮ ಒದರಾಟಕ್ಕ ಅಂಜಿ ನುಗ್ಗತಿತ್ತು. ಮರಿಕಲ್ಲಿಗೆ ಕಳಸೋದಾದ್ರ ನಿಮ್ಮನ್ನ ಕಳಸಬೇಕು."

ಉರಿದುಬಿದ್ದು ಬಾಯಿ ತೆರೆದೆ. ಅಜ್ಜ ಹರಿದ ಎಳೆಗಳ ತುದಿಯನ್ನು ನನ್ನ ಕೈಗಿಟ್ಟು, ಮೆಲ್ಲಗೆ, "ಕುಂದರ್ರಿ, ಗಂಟ್ ಹಾಕ್ರಿ," ಎಂದ.

ಕುಳಿತೆ. ಪಟ್ಟಿಯೇನೂ ಬೇಕಾಗಲಿಲ್ಲ.