ಎಮ್ಮೆ ಹಿಡಿದವಳ ವಾರಸುದಾರರು

ಬೆಳಗಾವಿಯ ರವಿವಾರ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಜಿತಕುಮಾರನಿಗೆ ಅಟ್ಟ ಗುಡಿಸುವ ಬುದ್ಧಿ ಬಂದದ್ದೇ ತಪ್ಪಾಯಿತು. ಹಳೆಯ ಹಂಡೆಯೊಳಗೆ ಅಜ್ಜ ತೆಗೆದ ಫೋಟೋ ಸಿಕ್ಕಿತು: ಕೆಸರುಗದ್ದೆ, ಒಂದು ಎಮ್ಮೆ, ಅದರ ಹಗ್ಗ ಹಿಡಿದು ತಲೆ ತಗ್ಗಿಸಿ ನಿಂತ ಹೆಂಗಸು. ಹಿಂದೆ ‘ಜಾಂಬೋಟಿ, ೧೯೪೧’ ಎಂದು ಬರೆದಿತ್ತು.

ಆ ಕಾಲದಲ್ಲಿ ಉಳ್ಳವರು ಸ್ಟುಡಿಯೋದ ಪರದೆ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರೆ, ಅಜ್ಜ ಮೂರು ಕಾಲಿನ ಕ್ಯಾಮೆರಾವನ್ನು ಚಕ್ಕಡಿ ಗಾಡಿಯಲ್ಲಿ ಹೇರಿಕೊಂಡು ಹಳ್ಳಿ ತಿರುಗುತ್ತಿದ್ದ. ಮನೆತನದವರು ಅವನನ್ನು ಇವತ್ತಿಗೂ ಕೆಲಸಕ್ಕೆ ಬಾರದ ಅಡ್ನಾಡಿ ಎನ್ನುತ್ತಾರೆ. ಅಡ್ನಾಡಿಯಲ್ಲ, ಕಲಾವಿದ ಎಂದು ಮೊಮ್ಮಗನಿಗೆ ತೋರಿಸಬೇಕಿತ್ತು. ‘ಹಳೆಯ ಹಳ್ಳಿ’ ಎಂಬ ಫೋಟೋ ಪ್ರದರ್ಶನ ನಡೆಸುವ ಚೇತನ ಚಿತ್ರ ನೋಡಿ, “ತಗ್ಗಿದ ತಲಿ ನೋಡ್ರಿ, ಎಷ್ಟ ದಣಿವ ಐತಿ,” ಎಂದು ಕರಗಿದ. ಆದರೆ ಒಪ್ಪಿಗೆಯ ಫಾರ್ಮೊಂದನ್ನು ಕೊಟ್ಟು, ಚಿತ್ರದಲ್ಲಿರುವವರ ಹೆಸರು, ಅವರ ಮನೆಯವರ ಸಹಿ, ಎರಡೂ ಅವತ್ತೇ ಸಂಜೆ ಐದರೊಳಗೆ ಬೇಕೆಂದ.

ಜಾಂಬೋಟಿಗೆ ಹೊರಟ ಅಜಿತಕುಮಾರನ ಕಾರಿನಲ್ಲಿ, ಶಿವಬಸವ ನಗರದ ಅವನ ನೆರೆಮನೆಯ ಗುರುಪುತ್ರಪ್ಪ ಕರೆಯದೆಯೇ ಬಂದು ಕುಳಿತ. “ಸುಮ್ಮ ಕೇಳಿದ್ರ ಯಾರೂ ಬರಂಗಿಲ್ಲ. ನಾ ಕೇಳತೇನಿ, ನೋಡ್ರಿ,” ಎಂದವನು ಜಾಂಬೋಟಿಯ ಚಹಾದಂಗಡಿ ಮುಂದೆ ಫೋಟೋ ಎತ್ತಿ ಹಿಡಿದ. “ಈಕಿ ಯಾರ ಅಜ್ಜಿ? ಬೆಳಗಾವ್ಯಾಗ ದೊಡ್ಡದ ಮಾಡಿ ಹಾಕ್ತಾರ.”

ಹತ್ತು ನಿಮಿಷದಲ್ಲಿ ಆ ಹೆಂಗಸಿಗೆ ಹನ್ನೊಂದು ಮೊಮ್ಮಕ್ಕಳಾದರು.

“ಮೂಗ ನೋಡ್ರಿ, ನಮ್ಮ ಮನೆತನದ್ದು,” ಎಂದ ಬಾಳಪ್ಪ, ತನ್ನ ಮೂಗನ್ನು ಫೋಟೋದ ಪಕ್ಕಕ್ಕೆ ತಂದು.

“ಮೂಗ ನಿಮ್ಮದಿದ್ರ ಇಟ್ಕೋರಿ. ನಿಂತಿದ್ದು ನಮ್ಮ ಆಯಿನ,” ಎಂದಳು ರೇಣವ್ವ. “ಆಕಿ ಹಿಂಗ ನಿಂದರತಿದ್ಲು.”

ಇಬ್ಬರೂ ಫಾರ್ಮಿಗೆ ಕೈ ಹಾಕಿದರು. ಅದು ನಡುವೆ ಹರಿಯಿತು. ಅಜಿತಕುಮಾರ ಎರಡು ತುಂಡುಗಳನ್ನೂ ಎದೆಗವಚಿಕೊಂಡು, ಗಡಿಯಾರ ನೋಡುತ್ತ, ಊರಿನ ಹಿರಿಯಳನ್ನೇ ಕೇಳೋಣವೆಂದು ತೊಂಬತ್ತು ದಾಟಿದ ಮಾಯಕ್ಕನ ಪಡಸಾಲೆಗೆ ಓಡಿದ. ಆಕೆ ಮೊದಲು ಊಟ ಹಾಕಿಸಿದಳು. ಊಟ ಮುಗಿಯದೆ ಫೋಟೋ ಮುಟ್ಟಲಿಲ್ಲ.

“ಅಯ್ಯ, ನಮ್ಮ ಕಾಳಿ,” ಎಂದು ಚಿತ್ರದೊಳಗಿನ ಎಮ್ಮೆಯ ಬೆನ್ನು ಸವರಿದಳು. “ಬಾಗಿದ ಕೋಡ ನೋಡು. ಹಗ್ಗ ಹಿಡದಾಕಿ ನಮ್ಮೂರಾಕಿ ಅಲ್ಲಪ್ಪ.”

“ಮತ್ತ ಯಾರವ್ವ?”

“ಗದ್ದ್ಯಾಗ ಭತ್ತದ ನೆಟ್ಟಿ ಹಚ್ಚೂ ದಿನ ಅದು. ನಮ್ಮ ಹೆಣ್ಣಮಕ್ಕಳಿಗೆ ಸುಮ್ಮ ನಿಂದರಾಕ ಪುರಸೊತ್ತ ಎಲ್ಲಿತ್ತು? ಫೋಟೋದ ಸಾವಕಾರ ಎಲ್ಲಾರ್ನೂ ಕೇಳಿ ಸಾಕಾಗಿ, ಚಕ್ಕಡ್ಯಾಗ ಕುಂತಿದ್ದ ಹೆಂಡತಿಗೇ ನಮ್ಮವ್ವನ ಸೀರಿ ಉಡಿಸಿ ನಿಂದರಿಸಿದ. ನಾ ಸಣ್ಣಾಕಿ, ಹಿಂದ ಬಾಲ ಹಿಡಕೊಂಡಿದ್ನಿ, ಫೋಟೋದಾಗ ಬಂದಿಲ್ಲ. ಎಮ್ಮಿಗೆ ಅಂಜಿ ಆಕಿ ತಲಿ ಎತ್ತಲಿಲ್ಲ.”

ಅಂದರೆ ಅಜ್ಜಿ ಸುಂದರಾಬಾಯಿ. ಅವನು ಹುಟ್ಟುವ ಮೊದಲೇ ತೀರಿಹೋದವಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಅಜ್ಜಿಯ ಮುಖವನ್ನು ಮೊದಲ ಸಲ ಕಂಡ ಅಜಿತಕುಮಾರನಿಗೆ ಖುಷಿಯಾಗಿ ಕಣ್ಣು ತುಂಬಿತು. ಸಹಿಗಾಗಿ ಇನ್ನು ಅಲೆಯುವುದೂ ಬೇಡ, ತಾನೇ ಹಾಕಿದರಾಯಿತು ಎಂದು ಚೇತನನಿಗೆ ಫೋನ್ ಮಾಡಿದ.

“ನಿಮ್ಮ ಅಜ್ಜಿ ಪ್ಯಾಟಿಯಾಕಿ ಅಲ್ಲೇನ್ರಿ?” ಎಂದ ಚೇತನ. “ಪ್ರದರ್ಶನ ಹಳ್ಳಿಯವರದು. ಫೋಟೋದಾಗ ಹಳ್ಳಿಯವರು ಒಬ್ಬರರ ಅದಾರೋ ಇಲ್ಲೋ?”

ಅಜಿತಕುಮಾರ ಫೋಟೋ ನೋಡಿದ, ಮಾಯಕ್ಕನನ್ನು ನೋಡಿದ, ಗಡಿಯಾರ ನೋಡಿದ. “ಒಬ್ಬಾಕಿ ಅದಾಳ್ರಿ,” ಎಂದ.

ಐದಕ್ಕೆ ಐದು ನಿಮಿಷವಿರುವಾಗ ಅಂಟಿಸಿದ ಫಾರ್ಮಿನ ಮೇಲೆ ಮಾಯಕ್ಕ ಹೆಬ್ಬೆಟ್ಟು ಒತ್ತಿದಳು; ಅಜಿತಕುಮಾರ ಅದರ ಚಿತ್ರ ತೆಗೆದು ಫೋನಿನಲ್ಲೇ ಚೇತನನಿಗೆ ಕಳಿಸಿದ. ಫೋಟೋದ ಕೆಳಗೆ ಹಚ್ಚುವ ಚೀಟಿಯನ್ನು ಚೇತನ ಫೋನಿನಲ್ಲೇ ಓದಿ ಹೇಳಿದ: ‘ಕಾಳಿ, ಜಾಂಬೋಟಿಯ ಎಮ್ಮೆ. ಮಾಯಕ್ಕನವರ ಮನೆತನದ ಒಪ್ಪಿಗೆಯಿಂದ. ಪಕ್ಕದಲ್ಲಿ ನಿಂತವರು ಊರಿನವರಲ್ಲ.’