ಎರಡು ಟ್ಯಾಂಕಿ ಡೀಸಲ್, ಒಂದು ಹನಿ ಧೈರ್ಯ

ನಾ ಅಂಜುಬುರುಕ. ನಾನ ಹೇಳಿಬಿಟ್ರ ಚಲೋ, ಇಲ್ಲಂದ್ರ ನಮ್ಮ ಮನಿಯಾಕಿ ಹೇಳತಾಳ. ಧೈರ್ಯದ ಮಂದಿಗೆ ಹೊಸ ಗಾಡಿ ಸಿಗತಾವು, ನನ್ನಂಥವ್ರಿಗೆ ರಸ್ತೆ ನಡುವ ನಿಲ್ಲೂ ಗಾಡಿನ ಗಂಟುಬೀಳತಾವು. ಹಿಂಗಾಗಿ ಏನರ ಒಂದು ಆಗಕೋತನ ಇರತೈತಿ.

ನಮ್ಮೂರು ಹಿರೇಬೆಂಡಿಗೇರಿ. ಹಳೇ ಡೀಸಲ್ ಪಿಕಪ್ಪಿನ್ಯಾಗ ಗೋವಿನಜೋಳ, ಮೆಣಸಿನಕಾಯಿ ಹೇರಿಕೊಂಡು ಹಾನಗಲ್ಲ, ಸವಣೂರ, ಹಿರೇಕೆರೂರ ಅಂತ ತಿರುಗತೇನಿ. ಗಾಡಿಗೆ ಎರಡು ಟ್ಯಾಂಕಿ. ಒಂದು ಅದರ ಜೋಡಿ ಹುಟ್ಟಿದ್ದು, ಇನ್ನೊಂದು ಹಿಂದಿನ ಮಾಲೀಕ ಗುಜರಿಯಿಂದ ತಂದು ಕೂಡಿಸಿದ್ದು. ಸೀಟಿನ ಬುಡಕ ನಲ್ಲಿಯಂಥಾದ್ದು ಒಂದು ಐತಿ, ಎಡಕ್ಕ ತಿರುವಿದ್ರ ಹಳೇ ಟ್ಯಾಂಕಿ, ಬಲಕ್ಕ ತಿರುವಿದ್ರ ಗುಜರಿ ಟ್ಯಾಂಕಿ. ಡೀಸಲ್ ತೋರಸೂ ಮುಳ್ಳು ಎಂದೋ ಸತ್ತೈತಿ. ಎಷ್ಟೈತಿ ಅಂತ ಗೊತ್ತಾಗಬೇಕಂದ್ರ ಮುಚ್ಚಳ ತಗದು ಇಣಿಕಿ ನೋಡಬೇಕು.

ಈ ದಸರಿ ಹೊತ್ತಿಗೆ ಮಗಳು ಚೊಚ್ಚಲ ಬಾಣಂತನಕ್ಕ ಮನಿಗೆ ಬಂದ್ಲು. ಹೊತ್ತು ಬಂದಾಗ ಅಕಿನ್ನ ಶಿಗ್ಗಾಂವಿ ದವಾಖಾನಿಗೆ ಒಯ್ಯಾಕ ನಮ್ಮ ಓಣ್ಯಾಗ ಇದ್ದದ್ದು ಇದೊಂದ ಗಾಡಿ. ಅದಕ್ಕ ಖಂಡೆ ಪೂಜಿ ದಿನ ನಮ್ಮ ಮನಿಯಾಕಿ ಎಂದೂ ಇಲ್ಲದ ಭಕ್ತಿಲೆ ಗಾಡಿ ಪೂಜಿ ಮಾಡಿದ್ಲು. ಮೋತಿಗೆ, ಗಾಲಿಗೆ, ಸ್ಟೇರಿಂಗಿಗೆ, ಎರಡೂ ಟ್ಯಾಂಕಿ ಮುಚ್ಚಳಕ್ಕ ವಿಭೂತಿ ಕಲಿಸಿ ದಪ್ಪಗ ಬಡದು, ಮ್ಯಾಲೆ ಕುಂಕುಮ ಒತ್ತಿದ್ಲು. ಮುಂದಿನ ವಾರದಿಂದ ಗಾಡಿ ನಿಲ್ಲಾಕ ಸುರು ಆತು.

ಹುಣಸಿಮರದಾಕಿ

ಮೊದಲನೇ ಸಲ ನಿಂತದ್ದು ಹಾನಗಲ್ಲ ರಸ್ತೆದಾಗ, ಮಟಮಟ ಮಧ್ಯಾಹ್ನ, ಒಂದು ಹುಣಸಿಮರದ ಕೆಳಗ. ಎಂಜಿನ್ ಎರಡು ಸಲ ತೇಕಿ ಸುಮ್ಮನಾತು. ಡೀಸಲ್ ಮುಗೀತೇನೋ ಅಂತ ಹಳೇ ಟ್ಯಾಂಕಿ ಮುಚ್ಚಳ ತಿರುವಿದೆ. ಒಳಗಿಂದ ಸುಂಯ್ ಅಂತ ಸಪ್ಪಳ ಬಂತು, ಯಾರೋ ಉದ್ದಕ ಉಸಿರು ಎಳಕೊಂಡಂಗ. ಮುಚ್ಚಳ ಕೈಯಾಗ ಹಿಡಕೊಂಡು ರಸ್ತೆ ಆ ಕಡೆ ಹೋಗಿ ನಿಂತೆ.

ಅಲ್ಲೇ ಎಮ್ಮಿ ಮೇಯಸಾಕತ್ತಿದ್ದ ಒಬ್ಬ ಮುದುಕ ಬಂದು ಏನಾತು ಅಂತ ಕೇಳಿದ. ಹೇಳಿದೆ. ಅವ ಮರ ನೋಡಿದ, ನನ್ನ ಮಾರಿ ನೋಡಿದ.

"ಈ ಮರದಾಗ ಒಬ್ಬಾಕಿ ಅದಾಳ್ರಿ. ಎಲ್ಲಾರ ಗಾಡಿ ನಿಲ್ಲಸಂಗಿಲ್ಲ, ಅಂಜೋರ್ದಷ್ಟ ನಿಲ್ಲಸ್ತಾಳ. ಊಟಕ್ಕ ಏನರ ಇಟ್ಟು ಹೋಗ್ರಿ, ಬಿಡತಾಳ."

ಮನಿಯಿಂದ ತಂದ ಬುತ್ತಿ ಗಂಟು, ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಎಲ್ಲಾ ಹಂಗ ಮರದ ಬುಡಕ ಇಟ್ಟು ಕೈ ಮುಗದೆ. ಮುಚ್ಚಳ ಹಾಕಿ, ಎಂಜಿನ್ ಬಾಜೂ ಇರೂ ಕೈಪಂಪು ಒತ್ತಿ ಚಾಲೂ ಮಾಡಿದ್ರ ಗಾಡಿ ಗುರ್ ಅಂತು. ನನಗ ನಂಬಿಕಿ ಬಂತು. ಒಂದೀಟು ಮುಂದ ಹೋಗಿ ಕನ್ನಡಿಯಾಗ ನೋಡಿದೆ. ಮರದಾಕಿ ಇನ್ನೂ ಇಳಿದಿರಲಿಲ್ಲ, ಮುದುಕ ಆಗಲೇ ಗಂಟು ಬಿಚ್ಚಿ ರೊಟ್ಟಿ ಮುರಿಯಾಕತ್ತಿದ್ದ.

ಕಚರಾ

ಮನಿಗೆ ಬಂದು ಹೇಳಿದ್ದಕ್ಕ ಮನಿಯಾಕಿ ಎರಡೂ ಮುಚ್ಚಳಕ್ಕ ಇನ್ನೊಂದು ಪದರ ವಿಭೂತಿ ಹಚ್ಚಿದ್ಲು. ಮರುದಿನ ಗಾಡಿ ಇನ್ನೂ ಲಗೂನ ನಿಂತಿತು.

ಸವಣೂರಿನ್ಯಾಗ ನನಗ ಬೇಕಾದ ಗಾಡಿ ಮೇಸ್ತ್ರಿ ಒಬ್ಬ ಅದಾನ. ಅವನಪ್ಪ, ಅವನಜ್ಜ ಎಲ್ಲಾ ಇದ ಕೆಲಸದಾವ್ರು. ನಾ ಹೇಳಿದ್ದು ಅರ್ಧಕ್ಕರ್ಧ ಕೇಳಿ ಅವ ಡೀಸಲಿನ್ಯಾಗ ಕಚರಾ ಸಿಕ್ಕೈತಿ ಅಂದ. ಫಿಲ್ಟರ್ ಬದಲಿ ಮಾಡಿದ, ಪೈಪು ಬಿಚ್ಚಿ ಬಾಯಿಲೆ ಊದಿದ, ಅರ್ಧ ಡೀಸಲ್ ಅವನ ಗಡ್ಡಕ್ಕ ಬಂತು. ಇನ್ನ ಇದು ಪುಣೆತನಕ ನಿಲ್ಲಂಗಿಲ್ಲ ಅಂತ ಹೇಳಿ, ತಾನೂ ನನ್ನ ಬಾಜೂಕ ಕುಂತ. ಬಂಕಾಪುರದ ಹಾದ್ಯಾಗ ನಿಂತಿತು.

ಮೇಸ್ತ್ರಿ ಅಂಜಲಿಲ್ಲ. ನಲ್ಲಿ ಬಲಕ್ಕ ತಿರುವಿದ. ಗುಜರಿ ಟ್ಯಾಂಕಿ ಮ್ಯಾಲೆ ಗಾಡಿ ಚಂದ ಓಡಿತು. ಅವ ನನ್ನ ಕಡೆ ನೋಡಿ ಮೀಸಿ ಮ್ಯಾಲೆ ಕೈ ಆಡಿಸಿದ. ಮುಂದಿನ ಊರು ಇನ್ನೂ ಬಂದಿರಲಿಲ್ಲ, ಅದೂ ನಿಂತಿತು.

"ಕಾಕಾ, ಆ ಟ್ಯಾಂಕಿನ್ಯಾಗ ಕಚರಾ ಐತಿ. ಈ ಟ್ಯಾಂಕಿನ್ಯಾಗ ಅದರ ತಮ್ಮ ಅದಾನ," ಅಂದ.

ಅವ ಗಾಡಿ ಕೆಳಗ ಮಲಗಿ ಪೈಪು ಬಡಿಯಾಕತ್ತ. ನಾ ಮ್ಯಾಲೆ ಎರಡೂ ಮುಚ್ಚಳ ತಗದು ಇಣಿಕಿದೆ. ಎರಡೂ ಕಡೆ ಅದ ಉಸಿರು. ಮುಚ್ಚಳ ಹಾಕಿ ಚಾಲೂ ಮಾಡಿದ್ರ ಗಾಡಿ ಎದ್ದಿತು. ಬಡದದ್ದಕ್ಕ ಆತು ಅಂತ ಅವ, ಮರದಾಕಿ ಗಾಡಿ ಹತ್ತಿ ಕುಂತಾಳ ಅಂತ ನಾ. ನನ್ನ ಸಂಶೇ ಹೇಳಿದೆ. ಇಂಥಾದ್ದೆಲ್ಲಾ ನಂಬಬಾರದು ಕಾಕಾ ಅಂತ ಅವ ನನಗ ಬಾಳ ಹೊತ್ತು ಬುದ್ಧಿ ಹೇಳಿದ. ಆಮ್ಯಾಲೆ ಸವಣೂರಿಗೆ ಬಸ್ಸಿಗೆ ಹ್ವಾದ.

ಬೀಗತಿ

ಮಗಳನ್ನ ನೋಡಾಕ ಅಕಿ ಅತ್ತಿ ಮಾಸೂರಿಂದ ಬಂದಿದ್ರು. ಬಾಯಿ ಜೋರು, ಆದ್ರ ಸೊಸಿ ಮ್ಯಾಲೆ ಜೀವ ಇಟ್ಟಾವ್ರು. ಹಿರೇಕೆರೂರಿಗೆ ಮಾಲು ಒಯ್ಯೂದಿತ್ತು, ನಿಮ್ಮನ್ನ ಊರಿಗೆ ಬಿಡತೇನ್ರಿ ಅಂದೆ. ಮನಿಯಾಕಿ ಬೀಗತಿ ಕುಂಡರೂ ಗಾಡಿ ಅಂತ ಮುಚ್ಚಳಕ್ಕ ಮತ್ತ ಒಂದು ಕೈ ವಿಭೂತಿ ಹಚ್ಚಿ ಕಳಿಸಿದ್ಲು. ಹಾದಿತುಂಬ ದೇವರ ಹೆಸರು ಹೇಳಕೋತ ಹ್ವಾದೆ. ಮಾಸೂರು ಇನ್ನೇನು ಬಂತು ಅನ್ನೂದ್ರಾಗ, ಮದಗದ ಕೆರಿ ಹತ್ರ, ನಿಂತಿತು.

ಬೀಗತಿ ಸೆರಗು ಸರಿ ಮಾಡಕೊಂಡು ಕೇಳಿದ್ರು, "ಬೀಗರ, ನಮ್ಮ ಸೊಸಿನ್ನೂ ಇದರಾಗ ಒಯ್ಯಾವ್ರೇನ್ರಿ?"

ದಿನಾ ಹಿಂಗ ಮಾಡಂಗಿಲ್ರಿ ಅಂದೆ.

"ಸೋಮವಾರ ಬರತೇನಿ. ಇದು ನೆಟ್ಟಗಾಗಿದ್ರ ಸರಿ, ಇಲ್ಲಂದ್ರ ಹುಡುಗಿನ್ನ ಕರಕೊಂಡು ಹೊಕ್ಕೇನಿ. ಹೆರಿಗಿ ನಮ್ಮಲ್ಲೇ ಆಗ್ಲಿ."

ಚೊಚ್ಚಲ ಬಾಣಂತನ ತವರಮನ್ಯಾಗ ಆಗಲಿಲ್ಲ ಅಂದ್ರ ಮಂದಿ ಏನಂದಾರು ಅನ್ನೂದು ಒಂದು ಕಡೆ. ಅವ್ರು ಹೇಳಿದ್ದ ಖರೆ ಆಗಿ, ಮಗಳು ಹಾದ್ಯಾಗ ಒದ್ದಾಡಿದ್ರ ಅನ್ನೂದು ಇನ್ನೊಂದು ಕಡೆ. ಅಷ್ಟ್ರಾಗ ಕೂಲಿಯವ್ರನ್ನ ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಬೀಗತಿ ಅದಕ್ಕ ಕೈ ಮಾಡಿ ಹತ್ತಿ ಕುಂತ್ರು. ನಾ ಮುಚ್ಚಳ ತಗದು ನೋಡಿ ಹಾಕಿದೆ. ಟ್ರ್ಯಾಕ್ಟರ್ ತಿರುವಿನ್ಯಾಗ ಮರಿ ಆಗೂದ ತಡ, ನನ್ನ ಗಾಡಿ ಮದುವಿ ಕುದರಿಗತೆ ಕುಣಕೋತ ಚಾಲೂ ಆತು.

ಶಿಗ್ಗಾಂವಿ ದವಾಖಾನಿ

ಸೋಮವಾರದ ತನಕ ದೇವರು ಕಾಯಲಿಲ್ಲ. ಆಯ್ತವಾರ ಮುಂಜಾನೆ ಮಗಳಿಗೆ ಬ್ಯಾನಿ ಸುರು ಆದವು. ಫೋನ್ ಹಚ್ಚಿದ್ರ ಆಂಬುಲೆನ್ಸ್ ಬ್ಯಾರೆ ಊರಿಗೆ ಹೋಗಿತ್ತು. ಮಗಳನ್ನ ನಡುವ ಕುಂಡರಿಸಿ, ಆ ಕಡೆ ಮನಿಯಾಕಿನ್ನ ಕುಂಡರಿಸಿ ಹೊಂಟೆ. ಊರು ದಾಟಿ ಕಾಲಿವಿ ಸೇತುವಿ ಮ್ಯಾಲೆ ಬಂದ್ವಿ. ನಿಂತಿತು.

ನಲ್ಲಿ ಹಳೇ ಟ್ಯಾಂಕಿ ಕಡೆ ಇತ್ತು. ಓಡಿ ಹೋಗಿ ಅದರ ಮುಚ್ಚಳ ತಗದೆ. ಮನಿಯಾಕಿ ವಿಭೂತಿ ಗಟ್ಟಿ ಹಿಡಕೊಂಡು ಇಳದ್ಲು. ಒಳಗಿಂದ ಮಗಳು ಹಲ್ಲು ಕಚ್ಚಿ ಹೇಳಿದ್ಲು, "ಅಪ್ಪ, ಟ್ಯಾಂಕಿ ನೋಡೂದು ಬಿಟ್ಟು ನನ್ನ ನೋಡ. ನಾ ಇಲ್ಲೇ ಹಡಿಯಾಕಿ."

ಅಕಿ ಕಡೆ ಹೊಳ್ಳಿ ನೋಡೂದ್ರಾಗ ಮುಚ್ಚಳ ಕೈ ಜಾರಿ ಕಾಲಿವಿಗೆ ಬಿತ್ತು. ಹುಡುಕಾಕ ಹೊತ್ತಿಲ್ಲ. ಹೆಗಲ ಮ್ಯಾಲಿನ ಟವೆಲ್ ಟ್ಯಾಂಕಿ ಬಾಯಿಗೆ ಸಡ್ಲ ತುರುಕಿ ಚಾಲೂ ಮಾಡಿದೆ. ಗಾಡಿ ನಿಲ್ಲಲಿಲ್ಲ. ಇಷ್ಟೊತ್ತಿಗೆ ಮತ್ತ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಯಾಕ ನಿಲ್ಲವಲ್ದು ಅಂತ ನನಗ ಇನ್ನೊಂದು ಅಂಜಿಕಿ ಹತ್ತಿತು.

ಮಗಳನ್ನ ಒಳಗ ಒಯ್ದ್ರು. ನಾ ಎಂಜಿನ್ ಬಂದ್ ಮಾಡಲಿಲ್ಲ. ಕುಂಡರಾಕ ಆಗವಲ್ದು, ನಿಲ್ಲಾಕ ಆಗವಲ್ದು, ಕೈ ಸುಮ್ಮನ ಇರವಲ್ದು ಅಂತ ಗುಜರಿ ಟ್ಯಾಂಕಿ ಮುಚ್ಚಳ ತಗದು ಉಗುರಿಲೆ ವಿಭೂತಿ ಕೆರಿಯಾಕತ್ತೆ. ಪದರ ಎದ್ದಂಗ ಕೆಳಗ ಒಂದು ಸಣ್ಣ ತೂತು ಕಂಡಿತು. ಮೇಸ್ತ್ರಿಗೆ ಫೋನ್ ಹಚ್ಚಿ ಕೇಳಿದೆ. ಆ ತೂತಿನಿಂದನ ಟ್ಯಾಂಕಿಗೆ ಗಾಳಿ ಹೊಕ್ಕತಿ, ಅದು ಮುಚ್ಚಿದ್ರ ಡೀಸಲ್ ಎಂಜಿನ್ನಿಗೆ ಬರಂಗಿಲ್ಲ, ಮುಚ್ಚಳ ತಗದಾಗೊಮ್ಮೆ ಗಾಳಿ ಸಿಕ್ಕು ಎದ್ದಿರತೈತಿ, ನಾ ಮುಚ್ಚಳ ನೋಡಲೇ ಇಲ್ಲ ಕಾಕಾ ಅಂದ.

ಸಿಟ್ಟಿಲೆ ಮುಚ್ಚಳ ಒಯ್ದು ಮನಿಯಾಕಿಗೆ ತೋರಿಸಿದೆ. ಗಾಡಿ ನಿಲ್ಲಿಸಿದ್ದು ಮರದಾಕಿ ಅಲ್ಲ, ನೀನ ಅಂದೆ. ಅಕಿ ಮುಚ್ಚಳ ಆ ಕಡೆ ಈ ಕಡೆ ತಿರುವಿ ನೋಡಿದ್ಲು.

"ಮತ್ತ, ಇಷ್ಟು ದೊಡ್ಡ ಗಾಡಿ ಹಿಡದು ನಿಲ್ಲಿಸೇತಂದ್ರ, ನನ್ನ ಪೂಜಿ ಎಷ್ಟು ಖಡಕ್ ಇರಬೇಕು ನೋಡ್ರಿ," ಅಂದ್ಲು.

ಕಾರಣ ಗೊತ್ತಾದ ಕೂಡಲೇ ಅಂಜಿಕಿ ಹೊಕ್ಕತೇನ್ರಿ? ನರ್ಸಬಾಯಿ ಎರಡು ಸಲ ಹೊರಗ ಬಂದು ಗಾಡಿ ಬಂದ್ ಮಾಡ್ರಿ, ಸಪ್ಪಳಕ್ಕ ತಲಿ ಸಿಡಿಯಾಕತ್ತೈತಿ ಅಂದ್ರು. ಕೈ ಮುಗದೆ, ಬಂದ್ ಮಾಡಲಿಲ್ಲ. ಒಳಗ ಹೆಚ್ಚುಕಡಿಮಿ ಆಗಿ ದೊಡ್ಡ ದವಾಖಾನಿಗೆ ಒಯ್ರಿ ಅಂದ್ರ, ಆಗ ಇದು ಏಳದಿದ್ರ ಏನ್ ಮಾಡ್ಲಿ?

ಮೂರನೇ ಸಲ ಬಂದಾಗ ಅವರ ಮಾರಿ ಮ್ಯಾಲೆ ನಗಿ ಇತ್ತು. ಹೆಣ್ಣು ಮಗು, ತಾಯಿ ಮಗು ಇಬ್ರೂ ಆರಾಮ ಅದಾರ ಅಂದ್ರು. ನಾ ಅಲ್ಲೇ ಮೆಟ್ಟಲ ಮ್ಯಾಲೆ ಕುಂತು ಗಳಗಳ ಅತ್ತೆ.

"ಅಳಬ್ಯಾಡ್ರಿ. ಈಗರ ಗಾಡಿ ಬಂದ್ ಮಾಡ್ರಿ."

ಕಣ್ಣು ಒರಸಿಕೊಂಡು ಕೇಳಿದೆ, "ತಾಯಿ, ಇವರನ್ನ ಮನಿಗೆ ಎಂದು ಕಳಸ್ತೀರ್ರಿ?"

"ಮೂರು ದಿನ ಆಕ್ಕತಿ."

ಮೂರು ದಿನ ಅಂದ್ರ ಇದ್ದ ಡೀಸಲ್ ಸಾಲಂಗಿಲ್ಲ ಅಂತ, ನಾ ಹಂಗ ಎದ್ದು ಎರಡೂ ಟ್ಯಾಂಕಿ ತುಂಬಿಸಿಕೊಂಡು ಬರಾಕ ಬಂಕಿಗೆ ಹೊಂಟೆ.